ಆಟವನ್ನು ಉಳಿಸುವ ಗುಟ್ಟಿನ ಗುಂಡಿಗಳು

ಚೆನ್ನೆಮಣೆ ಆಡುತ್ತಿರುವಾಗ ಅಮ್ಮ ಊಟಕ್ಕೆ ಕರೆದರೆ ನಾವು ಮಣೆಯನ್ನು ಅಲುಗಿಸದೆ ಎದ್ದು ಹೋಗುತ್ತೇವೆ. ಉಂಡು ಬಂದಾಗ ಕಾಯಿಗಳು ಇದ್ದ ಗುಳಿಯಲ್ಲೇ ಇರುತ್ತವೆ. ಟೆಲಿವಿಷನ್ನಿಗೆ ಜೋಡಿಸಿ ಆಡುತ್ತಿದ್ದ ಹಳೆಯ ವಿಡಿಯೋ ಆಟಗಳಲ್ಲಿ ಬಹುಮಟ್ಟಿಗೆ ಈ ಅನುಕೂಲವಿರಲಿಲ್ಲ. ಆಟದ ಲೆಕ್ಕವೆಲ್ಲ ಯಂತ್ರದ ಜ್ಞಾಪಕಕೋಶದಲ್ಲಿ ಇರುತ್ತಿತ್ತು. ವಿದ್ಯುತ್ತು ನಿಂತೊಡನೆ ಅದು ಬರಿದಾಗುತ್ತಿತ್ತು.

ಜಪಾನಿನ ನಿಂಟೆಂಡೊ ಕಂಪೆನಿಯು 1985ರಲ್ಲಿ ಹೊರತಂದ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದಲ್ಲಿ ಎಂಟು ಲೋಕಗಳಿವೆ. ಏಳನೆಯ ಲೋಕದಲ್ಲಿ ಸೋತವನೂ ಪುನಃ ಮೊದಲಿನಿಂದ ಹೊರಡಬೇಕು. ಆದರೆ ಸೋತ ಮೇಲೆ, ಆರಂಭದ ಪರದೆಯಲ್ಲಿ ‘ಎ’ ಗುಂಡಿಯನ್ನು ಒತ್ತಿ ಹಿಡಿದು ‘ಸ್ಟಾರ್ಟ್’ ಒತ್ತಿದರೆ ಏಳನೆಯ ಲೋಕದ ಮೊದಲ ಹಂತದಿಂದಲೇ ಆಟ ತೊಡಗುತ್ತದೆ! ಪರದೆಯ ಮೇಲೆ ಇದರ ಸುಳಿವೇ ಇಲ್ಲ. ಯಂತ್ರವನ್ನು ಆರಿಸಿದರೆ ಈ ಉಪಾಯವೂ ಕೆಲಸಕ್ಕೆ ಬಾರದು.

1986ರ ‘ಡ್ರ್ಯಾಗನ್ ಕ್ವೆಸ್ಟ್’ ಆಟವು ಇಪ್ಪತ್ತು ಜಪಾನಿ ಅಕ್ಷರಗಳ ಒಂದು ‘ಮಂತ್ರ’ ಕೊಡುತ್ತಿತ್ತು. ಬರೆದಿಟ್ಟುಕೊಳ್ಳುವಾಗ ಒಂದಕ್ಷರ ತಪ್ಪಿದರೂ ಪಟ್ಟ ಶ್ರಮ ನೀರಿನಲ್ಲಿ ಹೋಮ.

1987ರಲ್ಲಿ ಅಮೆರಿಕದಲ್ಲಿ ಬಂದ ‘ದಿ ಲೆಜೆಂಡ್ ಆಫ್ ಝೆಲ್ಡಾ’ ಆಟದ ಕಾರ್ಟ್ರಿಜ್‌ನೊಳಗೆ ನಾಣ್ಯದಂಥ ಒಂದು ಸಣ್ಣ ಬ್ಯಾಟರಿ ಇತ್ತು. ಯಂತ್ರ ಆರಿದರೂ ಅದು ಜ್ಞಾಪಕಕೋಶವನ್ನು ಕಾಯುತ್ತಿತ್ತು. ಆದರೆ ‘ಸೇವ್’ ಎಂಬ ಪಟ್ಟಿ ಕಾಣುತ್ತಿದ್ದುದು ಕಥಾನಾಯಕ ಲಿಂಕ್ ಸತ್ತ ಮೇಲೆ! ಹೀಗಾಗಿ ಮಲಗುವ ಹೊತ್ತಾದಾಗ ಅವನನ್ನು ಬೇಕೆಂದೇ ವೈರಿಗಳ ಬಾಯಿಗೆ ಕೊಟ್ಟವರುಂಟು. ಪಾಪ, ಅದರ ಅಗತ್ಯವಿರಲಿಲ್ಲ. ‘ಸ್ಟಾರ್ಟ್’ ಒತ್ತಿ ಸಾಮಾನುಗಳ ಪರದೆ ತೆರೆದು, ಎರಡನೆಯ ಆಟಗಾರನ ಹಿಡಿಕೆಯಲ್ಲಿ ಮೇಲ್ಮುಖದ ಗುಂಡಿಯನ್ನೂ ‘ಎ’ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಅದೇ ಪಟ್ಟಿ ಬರುತ್ತಿತ್ತು. ಒಬ್ಬನೇ ಆಡುವ ಆಟದಲ್ಲಿ ಎರಡನೆಯ ಹಿಡಿಕೆಯನ್ನು ಯಾರು ಮುಟ್ಟುತ್ತಾರೆ?

ಇಷ್ಟಾದರೂ ಒಂದು ಎಚ್ಚರಿಕೆ ಬೇಕಿತ್ತು. ‘ರೀಸೆಟ್’ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಯಂತ್ರವನ್ನು ಆರಿಸಬೇಕೆಂದು ಆಟಗಾರರಿಗೆ ಸೂಚನೆಯಿತ್ತು. ಇದು ಮೂಢನಂಬಿಕೆಯಲ್ಲ. ಸ್ವಿಚ್ಚು ಆರಿಸಿದಾಗ ವಿದ್ಯುತ್ತಿನ ಒತ್ತಡ ಒಮ್ಮೆಗೇ ಸೊನ್ನೆಯಾಗದೆ ಇಳಿಯುತ್ತಾ ಹೋಗುತ್ತದೆ. ಆ ಕ್ಷಣದಲ್ಲಿ ಯಂತ್ರದ ಮಿದುಳು ದಿಕ್ಕುತಪ್ಪಿ, ಉಳಿಸಿಟ್ಟ ಲೆಕ್ಕದ ಮೇಲೆ ಏನೇನೋ ಗೀಚಿಬಿಡಬಹುದು. ‘ರೀಸೆಟ್’ ಅದರ ಕೈ ಕಟ್ಟಿಹಾಕುತ್ತದೆ.

ಆ ಬ್ಯಾಟರಿಗಳಿಗೆ ಈಗ ಮುಪ್ಪು. ಹಳೆಯ ಕಾರ್ಟ್ರಿಜ್ ಜೋಪಾನ ಮಾಡಿದವರು ಅದನ್ನು ಬಿಚ್ಚಿ ಹೊಸ ಬ್ಯಾಟರಿಯನ್ನು ಬೆಸುಗೆ ಹಾಕುತ್ತಾರೆ. ಆದರೆ ಹಳೆಯದನ್ನು ಸುಮ್ಮನೆ ಕಿತ್ತರೆ, ಬಾಲ್ಯದಲ್ಲಿ ಉಳಿಸಿಟ್ಟ ಆಟವೂ ಅದರೊಂದಿಗೇ ಹೋಗುತ್ತದೆ.