ಮಂಡಕಳ್ಳಿಗೆ ಎಷ್ಟು ಹೊತ್ತು?

ಚೆನ್ನೈನ ಪೆರುಂಗುಡಿಯ ಐಟಿ ಕಚೇರಿಗಳಲ್ಲಿ ದುಡಿಯುವ ಮೈಸೂರಿನವರು ಊರಿಗೆ ಹೊರಡುವ ಮುನ್ನ ಒಂದು ಲೆಕ್ಕ ಹಾಕಲೇಬೇಕು: ವಿಮಾನವೋ, ರೈಲೋ? ಚೆನ್ನೈ ವಿಮಾನ ನಿಲ್ದಾಣದಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 390 ಕಿಲೋಮೀಟರ್. ಈ ದಾರಿಯಲ್ಲಿ ಹಾರುವ ಎಟಿಆರ್ 72 ವಿಮಾನ ಗಂಟೆಗೆ 500 ಕಿ.ಮೀ. ಆಸುಪಾಸಿನಲ್ಲಿ ಸಾಗುತ್ತದೆ. ಮುಕ್ಕಾಲು ಗಂಟೆಗೆ ತುಸು ಹೆಚ್ಚು ಹಿಡಿಯಬೇಕು, ಅಷ್ಟೆ. ಟಿಕೆಟ್ಟಿನಲ್ಲಿ ಮಾತ್ರ ಒಂದೂಕಾಲು ಗಂಟೆಗೂ ಹೆಚ್ಚಿನ ಅವಧಿ ನಮೂದಾಗಿರುತ್ತದೆ.

ಉಳಿದ ಅರ್ಧ ಗಂಟೆಯಲ್ಲಿ ಹೆಚ್ಚಿನದು ಖರ್ಚಾಗುವುದು ನೆಲದ ಮೇಲೆ, ನೆಲದ ಹತ್ತಿರದಲ್ಲಿ. ಟಿಕೆಟ್ಟಿನ ಸಮಯದಲ್ಲಿ ಹಾರಾಟವಷ್ಟೇ ಇರುವುದಿಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಅತ್ತ ಕಡೆ ಪೂರ್ತಿ ನಿಲ್ಲುವವರೆಗಿನದೆಲ್ಲ ಅದರಲ್ಲಿ ಸೇರಿದೆ. ರನ್‌ವೇವರೆಗಿನ ಓಟ, ಅಲ್ಲಿ ಸರದಿಗಾಗಿ ಕಾಯುವುದು, ನಿಧಾನಗತಿಯಲ್ಲಿ ಮೇಲೇರಿ ಇಳಿಯುವುದು ಎಲ್ಲವೂ ಬಂತು.

ಚೆನ್ನೈನ ಮುಖ್ಯ ರನ್‌ವೇ ಹೆಚ್ಚೂಕಡಿಮೆ ಪೂರ್ವ-ಪಶ್ಚಿಮವಾಗಿ ಮಲಗಿದೆ. ವಿಮಾನಗಳು ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಪೂರ್ವದ ಗಾಳಿ ಬೀಸಿದಾಗ ಮೈಸೂರಿನ ವಿಮಾನ ಮೊದಲು ಕಡಲಿನತ್ತ ಏರಿ, ಆಮೇಲೆ ತಿರುಗಿ ಪಶ್ಚಿಮಕ್ಕೆ ಹೊರಡಬೇಕು. ಪಡುವಣ ಗಾಳಿಯಿದ್ದರೆ ಹೊರಡುವವರಿಗೆ ಅನುಕೂಲ, ಬರುವವರಿಗೆ ಸುತ್ತು: ಮೈಸೂರಿನಿಂದ ಬಂದ ವಿಮಾನ ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹಿಂತಿರುಗಿ ಇಳಿಯಬೇಕಾಗುತ್ತದೆ. ದಾರಿಯುದ್ದಕ್ಕೂ ಗಂಟೆಗೆ 50 ಕಿ.ಮೀ. ಎದುರುಗಾಳಿಯಿದ್ದರೆ ಅದೇ 390 ಕಿಲೋಮೀಟರಿಗೆ ಐದಾರು ನಿಮಿಷ ಹೆಚ್ಚು ಬೇಕು.

ಜೆಟ್ ವಿಮಾನ ಯಾಕಿಲ್ಲ ಎಂದು ಮೈಸೂರಿನವರು ಕೇಳುತ್ತಲೇ ಇದ್ದಾರೆ. ಮಂಡಕಳ್ಳಿಯ ರನ್‌ವೇ ಉದ್ದ 1,740 ಮೀಟರ್. ಎಟಿಆರ್‌ಗೆ ಅದು ಧಾರಾಳ, ತುಂಬಿದ ಏರ್‌ಬಸ್ 320ಕ್ಕೆ ಸಾಲದು. ಹಿಗ್ಗಿಸೋಣವೆಂದರೆ ಪಕ್ಕದಲ್ಲೇ ನಂಜನಗೂಡು ರಸ್ತೆ, ರೈಲು ಹಳಿ. 2010ರಲ್ಲಿ ನವೀಕರಣಗೊಂಡು ಮತ್ತೆ ತೆರೆದ ನಿಲ್ದಾಣಕ್ಕೆ ಚೆನ್ನೈ ಸಂಪರ್ಕ ಗಟ್ಟಿಯಾಗಿ ಸಿಕ್ಕಿದ್ದು 2017ರಲ್ಲಿ, ಪ್ರಾದೇಶಿಕ ವಿಮಾನ ಸಂಪರ್ಕದ ಉಡಾನ್ ಯೋಜನೆಯಡಿ ಟ್ರೂಜೆಟ್ ಸಂಸ್ಥೆ ಬಂದಾಗ. ದೊಡ್ಡ ವಿಮಾನಗಳು ದೂರದ ಊರುಗಳನ್ನು ನೇರವಾಗಿ ಬೆಸೆಯಬಲ್ಲವು, ಆ ಕಾರಣಕ್ಕೆ ರನ್‌ವೇ ಬೆಳೆಯಲೇಬೇಕು. ಚೆನ್ನೈ ಮಟ್ಟಿಗೆ ಮಾತ್ರ ಉಳಿತಾಯ ಕಡಿಮೆ. ಇಷ್ಟು ಕಡಿಮೆ ದೂರದ ದಾರಿಯಲ್ಲಿ ಜೆಟ್ ಪೂರ್ಣ ವೇಗಕ್ಕೆ ಬರುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

ನಿಜವಾಗಿ ಸಮಯ ನುಂಗುವುದು ಮನೆಯಿಂದ ಮನೆಗೆ ಸೇರುವ ಹಾದಿ. ಪೆರುಂಗುಡಿಯಿಂದ ಮೀನಂಬಾಕ್ಕಂನ ವಿಮಾನ ನಿಲ್ದಾಣ ನೇರವಾಗಿ ಒಂಬತ್ತು ಕಿಲೋಮೀಟರ್ ಅಷ್ಟೆ. ಆದರೆ ಪಳ್ಳಿಕರಣೈ ಜೌಗನ್ನು ಹಾಯುವ ರೇಡಿಯಲ್ ರೋಡಿನ ಸಂಜೆಯ ದಟ್ಟಣೆಗೆ ಒಂದು ಗಂಟೆ ತೆಗೆದಿಡುವುದು ಕ್ಷೇಮ. ಹೊರಡುವ ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರಬೇಕು. ಅತ್ತ ಲಗೇಜು ಸಿಕ್ಕಿ, ಮಂಡಕಳ್ಳಿಯಿಂದ ಹತ್ತು ಕಿಲೋಮೀಟರ್ ದಾಟಿ ಊರು ಸೇರುವಾಗ ಐದು ಗಂಟೆ ಕಳೆದಿರುತ್ತದೆ.

2022ರ ನವೆಂಬರಿನಲ್ಲಿ ಶುರುವಾದ ವಂದೇ ಭಾರತ್ ರೈಲು ಚೆನ್ನೈ ಸೆಂಟ್ರಲ್‌ನಿಂದ ಮೈಸೂರಿಗೆ ಸುಮಾರು 500 ಕಿಲೋಮೀಟರನ್ನು ಆರೂವರೆ ಗಂಟೆಯಲ್ಲಿ ಮುಗಿಸಿ, ನೇರವಾಗಿ ಊರ ನಡುವೆಯೇ ಇಳಿಸುತ್ತದೆ. ಅದು ಚೆನ್ನೈ ಬಿಡುವುದು ಮುಂಜಾನೆ. ಹಾಗಾಗಿ ಶುಕ್ರವಾರ ಕೆಲಸ ಮುಗಿಸಿ ಹೊರಡುವವರು, ನೇರ ವಿಮಾನ ಸಿಗದಿದ್ದರೆ, ರಾತ್ರಿ ರೈಲನ್ನೋ ಬಸ್ಸನ್ನೋ ನೆಚ್ಚಬೇಕು. ಇಲ್ಲವೇ ಬೆಂಗಳೂರಿಗೆ ಹಾರಿ, ದೇವನಹಳ್ಳಿಯಲ್ಲಿ ಕೆಎಸ್ಆರ್‌ಟಿಸಿಯ ಫ್ಲೈಬಸ್ ಹತ್ತಬೇಕು.