ಆ ಅರ್ಧ ಗಂಟೆ ಯಾರದು?

ನರಸಾಪುರದ ಕಾರ್ಖಾನೆಗೆ ಮುಳಬಾಗಿಲು ಕಡೆಯಿಂದ ಬರುವ ಹೆಣ್ಣುಮಗಳ ದಿನವನ್ನು ಲೆಕ್ಕ ಹಾಕಿ ನೋಡಿ. ಪಾಳಿ ಬೆಳಿಗ್ಗೆ ಆರಕ್ಕೆ ಶುರುವಾದರೆ, ಕತ್ತಲಿರುವಾಗಲೇ ಕಂಪನಿ ಬಸ್ಸಿಗಾಗಿ ರಸ್ತೆಬದಿಯಲ್ಲಿ ನಿಂತಿರಬೇಕು. ಮುದ್ದೆ ತಿರುವಿ, ಸಾರು ಕಾಯಿಸಿ, ಕೂತು ಉಣ್ಣುವ ಹೊತ್ತಲ್ಲ ಅದು. ಅವಳ ಹೊಟ್ಟೆಗೆ ಬೀಳುವ ಮೊದಲ ತುತ್ತು ಬಹುಪಾಲು ದಿನ ಕ್ಯಾಂಟೀನಿನದೇ. ಹಾಗಾಗಿ ಊಟದ ಬಿಡುವೆಂಬುದು ಅವಳಿಗೆ ಬದುಕಿನ ಪ್ರಶ್ನೆ.

1948ರ ಕಾರ್ಖಾನೆಗಳ ಕಾಯ್ದೆ ಈ ವಿಷಯವನ್ನು ಸ್ಪಷ್ಟವಾಗಿಯೇ ಹೇಳಿತ್ತು. ಕನಿಷ್ಠ ಅರ್ಧ ಗಂಟೆಯ ಬಿಡುವು ಕೊಡದೆ ಯಾರನ್ನೂ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಅದಕ್ಕೂ ಮೀರಿ ದುಡಿದರೆ ದುಪ್ಪಟ್ಟು ಕೂಲಿ. ಈ ಅರ್ಧ ಗಂಟೆ ದುಡಿಮೆಯ ಲೆಕ್ಕಕ್ಕೆ ಸೇರುವುದಿಲ್ಲ, ಅಂದರೆ ಅದು ಕಾರ್ಮಿಕಳ ಸ್ವಂತ ಸಮಯ.

ಆದರೆ ಆ ಸಮಯ ಖರ್ಚಾಗುವ ಬಗೆ ನೋಡಿ. ಎಲೆಕ್ಟ್ರಾನಿಕ್ಸ್ ಲೈನಿನಲ್ಲಿ ಕೆಲಸ ಮಾಡುವವರು ಮೊದಲು ಟೋಪಿ, ಮೇಲಂಗಿ ತೆಗೆದಿಡಬೇಕು. ಆಮೇಲೆ ತಪಾಸಣೆ. ಶೌಚಾಲಯದ ಮುಂದೆ ಒಂದು ಸಾಲು, ತಟ್ಟೆ ಹಿಡಿದು ಇನ್ನೊಂದು ಸಾಲು. ಊಟ ಮುಗಿಸಿ ಮತ್ತೆ ಇವೆಲ್ಲ ಹಿಂದುಮುಂದಾಗಿ ನಡೆಯಬೇಕು. ಒಂದು ನಿಮಿಷ ತಡವಾದರೆ ಲೈನ್ ಲೀಡರ್ ಕೇಳುತ್ತಾರೆ. ಕಾಗದದ ಮೇಲಿನ ಮೂವತ್ತು ನಿಮಿಷದಲ್ಲಿ ಊಟಕ್ಕೆ ಸಿಗುವುದೆಷ್ಟೆಂದು ಯಾವ ಕಡತವೂ ಹೇಳುವುದಿಲ್ಲ.

ಕೋಲಾರ ಜಿಲ್ಲೆ ಇದರ ಬೆಲೆ ಕಂಡಿದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ಹಿಂಸೆಗೆ ತಿರುಗಿ ಕಲ್ಲು ತೂರಾಟ, ಬೆಂಕಿ ಎಲ್ಲ ನಡೆದವು. ಎಂಟು ಗಂಟೆಯ ಪಾಳಿ ಹನ್ನೆರಡಾಗಿತ್ತು, ಸಂಬಳ ಮತ್ತು ಓಟಿ ಹಣದ ಲೆಕ್ಕ ತಪ್ಪಿತ್ತು. ಕಾನೂನು ಉಲ್ಲಂಘನೆ ಆಗಿದೆಯೆಂದು ಸರ್ಕಾರಿ ತಪಾಸಣೆಯೇ ಹೇಳಿತು, ಕಂಪನಿ ಕ್ಷಮೆ ಕೇಳಿತು. ಯಂತ್ರ ಒಡೆದದ್ದನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಹೊತ್ತಿಗೆ ಬಿಡುವು, ಹೊತ್ತಿಗೆ ಸಂಬಳ ಇಲ್ಲದ ಕಡೆ ಅಸಮಾಧಾನ ಕೂಡುತ್ತಲೇ ಹೋಗುತ್ತದೆಂಬುದನ್ನು ಆಗಲೇ ಕಲಿಯಬೇಕಿತ್ತು.

ಕಲಿತದ್ದು ಬೇರೆಯೇ. 2023ರ ಫೆಬ್ರುವರಿಯಲ್ಲಿ ರಾಜ್ಯ ವಿಧಾನಮಂಡಲ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ತಂದಿತು. ವಾರದ 48 ಗಂಟೆ ಹಾಗೇ ಉಳಿಸಿ, ಕಾರ್ಮಿಕರ ಒಪ್ಪಿಗೆ ಪಡೆದು, ಬಿಡುವೂ ಸೇರಿ ದಿನಕ್ಕೆ 12 ಗಂಟೆವರೆಗೆ ಪಾಳಿ ನಡೆಸಲು ದಾರಿ ಮಾಡಿತು. ಬಿಡುವಿಲ್ಲದೆ ದುಡಿಸಬಹುದಾದ ಅವಧಿಯನ್ನು ಐದರಿಂದ ಆರು ಗಂಟೆಗೆ ಏರಿಸಲೂ ಅವಕಾಶ ಕೊಟ್ಟಿತು. ನಿಂತೇ ಕೆಲಸ ಮಾಡುವವಳಿಗೆ ಆ ಆರನೆಯ ಗಂಟೆ ಎಷ್ಟು ಉದ್ದವೆಂದು ಸದನದಲ್ಲಿ ಯಾರಾದರೂ ಯೋಚಿಸಿದ್ದರೇ? ಕೆಲಸ ಉಳಿಸಿಕೊಳ್ಳಲೇಬೇಕಾದ ಗುತ್ತಿಗೆ ಕಾರ್ಮಿಕಳ ‘ಒಪ್ಪಿಗೆ’ ಎಷ್ಟು ನಿಜ?

2025ರ ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಒಂದು ಒಳ್ಳೆಯದನ್ನು ಮೊದಲು ಹೇಳಬೇಕು. ಸಂಬಳಸಹಿತ ವಾರ್ಷಿಕ ರಜೆಗೆ ಹಿಂದೆ ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು, ಈಗ 180 ಸಾಕು. ಪ್ರತಿ 20 ದಿನದ ದುಡಿಮೆಗೆ ಒಂದು ದಿನ ರಜೆ. ಅರ್ಜಿ ಹಾಕಿಯೂ ನಿರಾಕರಿಸಿದ ರಜೆ ಮಿತಿಯಿಲ್ಲದೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಆದ್ದರಿಂದ ರಜೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.

ಊಟದ ಬಿಡುವಿನ ವಿಷಯದಲ್ಲಿ ಮಾತ್ರ ನನಗೆ ಆತಂಕವಿದೆ. ಹಳೆಯ ಕಾಯ್ದೆಯ ಮೈಯಲ್ಲೇ ಇದ್ದ ಐದು ಗಂಟೆ, ಅರ್ಧ ಗಂಟೆಯ ಮಾತು ಸಂಹಿತೆಯಲ್ಲಿ ಇಲ್ಲ. ಬಿಡುವೆಷ್ಟು, ಯಾವಾಗ ಎಂಬುದನ್ನು ಸರ್ಕಾರದ ಅಧಿಸೂಚನೆಗೆ ಬಿಡಲಾಗಿದೆ. ಕಾಯ್ದೆ ತಿದ್ದಲು ಸದನದ ಚರ್ಚೆ ಬೇಕು, ಅಧಿಸೂಚನೆ ತಿದ್ದಲು ಒಂದು ಸಹಿ ಸಾಕು.

ಇಷ್ಟೆಲ್ಲ ಹೇಳಿದ್ದು ಗೇಟು, ಹಾಜರಾತಿ ಇರುವವರ ಕಥೆ. ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಕೂಲಿ ನಿಲ್ಲುವುದು ಇಟ್ಟಿಗೆಯ ಲೆಕ್ಕದ ಮೇಲೆ. ಊಟಕ್ಕೆ ಕೂತರೆ ಲೆಕ್ಕ ಕಡಿಮೆ, ಹಾಗಾಗಿ ಬಿಡುವನ್ನು ತಾವೇ ಕತ್ತರಿಸಿಕೊಳ್ಳುತ್ತಾರೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಸುಗ್ಗಿಯ ತಿಂಗಳುಗಳು, ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಕ್ರೇಟು ಹೊರುವ ಹಮಾಲರ ದಿನಗಳು ಲಾರಿ ಬಂದಾಗ ಶುರುವಾಗಿ ಲಾರಿ ಹೋದಾಗ ಮುಗಿಯುತ್ತವೆ. ಅವರಿಗೆ ಕನಿಷ್ಠ ಕೂರಲು ನೆರಳು, ಕುಡಿಯಲು ನೀರು, ಕಡಿಮೆ ಬೆಲೆಯ ಊಟ ಒದಗಿಸುವುದು ಮಾರುಕಟ್ಟೆ ಸಮಿತಿಗಳ ಕೈಯಲ್ಲಿದೆ.

ರಾಜ್ಯ ಸರ್ಕಾರಕ್ಕೆ ನನ್ನ ಕೋರಿಕೆ ಇಷ್ಟು. ಬಿಡುವಿನ ಅಧಿಸೂಚನೆಯಲ್ಲಿ ಐದು ಗಂಟೆಯ ಮಿತಿಯನ್ನೇ ಉಳಿಸಿ. ಅರ್ಧ ಗಂಟೆಯನ್ನು ಕಾರ್ಮಿಕರು ಕ್ಯಾಂಟೀನಿನ ಬಾಗಿಲು ತಲುಪಿದ ಕ್ಷಣದಿಂದ ಎಣಿಸಿ, ತಪಾಸಣೆಯ ಸಮಯವನ್ನು ಕಂಪನಿಯ ಲೆಕ್ಕಕ್ಕೆ ಹಾಕಿ. ಕಾರ್ಖಾನೆ ತಪಾಸಣಾಧಿಕಾರಿಗಳು ವೇಮಗಲ್, ಮಾಲೂರು, ನರಸಾಪುರಕ್ಕೆ ಊಟದ ಹೊತ್ತಿನಲ್ಲೇ ಹೋಗಲಿ.