ಬಿರಿದ ದಾಳಿಂಬೆಗೆ ಫ್ರೀಜರಿನ ದಾರಿ

ಏಪ್ರಿಲ್ ಬಂತೆಂದರೆ ಕೊಪ್ಪಳ ಜಿಲ್ಲೆಯ ಗಿಣಿಗೇರಾ ರೈಲು ನಿಲ್ದಾಣದ ಬೆಂಚಿನ ಮೇಲೆ ಮಧ್ಯಾಹ್ನ ಕೂರುವಂತಿಲ್ಲ. ಬಿಸಿಲು 40 ಡಿಗ್ರಿಯ ಆಸುಪಾಸು. ಮನೆಯೊಳಗೆ ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಶಾಲೆಗೆ ರಜೆ, ಮಕ್ಕಳ ಕಣ್ಣು ಫ್ರಿಜ್ಜಿನ ಮೇಲೆ.

ಹಣ್ಣಿಗೆ ಈ ಸೀಮೆಯಲ್ಲಿ ಬರವಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ದಾಳಿಂಬೆ ತೋಟಗಳಿವೆ. ಕೊಪ್ಪಳದ ಕೇಸರ್ ಮಾವಿಗೆ ತೋಟಗಾರಿಕೆ ಇಲಾಖೆ ಮಾವು ಮೇಳವನ್ನೇ ನಡೆಸುತ್ತದೆ. ಆದರೆ ಪೆಟ್ಟಿಗೆ ಸೇರುವುದು ನುಣುಪು ಮೈಯ ಹಣ್ಣು ಮಾತ್ರ. ಗಿಡಕ್ಕೆ ನೀರು ಏರುಪೇರಾದರೆ ದಾಳಿಂಬೆ ಬಿರಿಯುತ್ತದೆ, ಬಿರುಗಾಳಿಗೆ ಮಾವು ಉದುರುತ್ತದೆ. ವ್ಯಾಪಾರಿ ಬದಿಗೆ ಸರಿಸಿದ ಈ ಹಣ್ಣೇ, ಕೊಳೆತಿರದಿದ್ದರೆ, ಮನೆಯ ಐಸ್ ಕ್ಯಾಂಡಿಗೆ ಒಳ್ಳೆಯ ಸರಕು.

ದಾಳಿಂಬೆ ಕಾಳನ್ನು ಮಿಕ್ಸರಿನಲ್ಲಿ ಒಂದೆರಡು ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ರುಬ್ಬಿದರೆ ಬೀಜ ಪುಡಿಯಾಗಿ ರಸ ಒಗರಾಗುತ್ತದೆ. ಸೋಸಿದ ಎರಡು ಲೋಟ ರಸಕ್ಕೆ ನಾಲ್ಕು ಚಮಚ ಸಕ್ಕರೆ, ಅರ್ಧ ನಿಂಬೆಹಣ್ಣು, ಚಿಟಿಕೆ ಉಪ್ಪು. ತಣ್ಣಗಾದ ನಾಲಿಗೆಗೆ ಸಿಹಿ ಕಡಿಮೆ ತಾಗುತ್ತದೆ, ಹಾಗಾಗಿ ರುಚಿ ನೋಡುವಾಗ ತುಸು ಹೆಚ್ಚೇ ಸಿಹಿಯಿರಲಿ. ಸಕ್ಕರೆ ಅತಿಯಾದರೆ ಮಾತ್ರ ಕ್ಯಾಂಡಿ ಗಟ್ಟಿಯಾಗದು. ನೀರು ಬೆರೆಸುವುದಾದರೆ ಕುದಿಸಿ ಆರಿಸಿದ್ದೇ ಬೇಕು, ಹೆಪ್ಪುಗಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ಸ್ಟೀಲ್ ಲೋಟಕ್ಕೆ ಸುರಿದು, ಬಾಯಿಗೆ ಹಾಳೆ ಕಟ್ಟಿ, ನಡುವೆ ಕಡ್ಡಿ ಚುಚ್ಚಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟರಾಯಿತು. ಬೆಳಿಗ್ಗೆ ಲೋಟವನ್ನು ಎರಡು ಅಂಗೈ ನಡುವೆ ಉಜ್ಜಿದರೆ ಕೆಂಪು ಕ್ಯಾಂಡಿ ಜಾರಿ ಕೈಗೆ ಬರುತ್ತದೆ.

ಕಡ್ಡಿಯ ಈ ಉಪಾಯ ಹೊಳೆದದ್ದು ಆಕಸ್ಮಿಕವಾಗಿ. 1905ರಲ್ಲಿ ಕ್ಯಾಲಿಫೋರ್ನಿಯಾದ 11 ವರ್ಷದ ಫ್ರಾಂಕ್ ಎಪರ್ಸನ್ ಪಾನೀಯದ ಲೋಟವನ್ನು ಕಲಕುವ ಕಡ್ಡಿಯ ಸಮೇತ ಹೊರಗೆ ಮರೆತನಂತೆ. ರಾತ್ರಿಯ ಚಳಿಗೆ ಅದು ಹೆಪ್ಪುಗಟ್ಟಿತು. 1924ರಲ್ಲಿ ಅವನು ಪೇಟೆಂಟ್ ಪಡೆದ.

ಅಲ್ಲಿ ಚಳಿ ಮಾಡಿದ ಕೆಲಸವನ್ನು ಇಲ್ಲಿ ಕರೆಂಟು ಮಾಡಬೇಕು. ಅದು ಕೈಕೊಟ್ಟರೆ ಕುಲ್ಫಿ ಮಾರುವವರ ಹಳೆಯ ವಿದ್ಯೆ ಇದೆಯಲ್ಲ! ಮೂರು ಪಾಲು ಐಸು, ಒಂದು ಪಾಲು ಕಲ್ಲುಪ್ಪು. ಉಪ್ಪು ತಾಗಿದ ಐಸು ಕರಗತೊಡಗುತ್ತದೆ, ಕರಗಲು ಬೇಕಾದ ಶಾಖವನ್ನು ಸುತ್ತಲಿಂದಲೇ ಎಳೆದುಕೊಂಡು ಸೊನ್ನೆಗಿಂತ ಬಹಳ ಕೆಳಗೆ, ಹೆಚ್ಚೆಂದರೆ ಮೈನಸ್ 21 ಡಿಗ್ರಿವರೆಗೆ, ಇಳಿಯುತ್ತದೆ. ಸುಂಡಿಸಿದ ಹಾಲಿಗೆ ಉದುರಿದ ಮಾವಿನ ತಿರುಳು ಬೆರೆಸಿ ಮುಚ್ಚಳದ ಡಬ್ಬಿಗೆ ತುಂಬಿ, ಆ ಐಸಿನಲ್ಲಿ ಹೂತರೆ ಸರಿ. ಮಕ್ಕಳು ಸರದಿಯಲ್ಲಿ ಡಬ್ಬಿ ತಿರುಗಿಸುತ್ತ ಕೂತರೆ, ನಡುವೆ ಕರೆಂಟು ಬಂದರೂ ಯಾರೂ ಏಳುವುದಿಲ್ಲ.